ಹೊಳೆಯುವ ಟೈರೂ ಜಾರುವ ತಿರುವೂ



ಅಡಿಕೆ ಧಾರಣೆ, ಕಾಂಡಕೊರಕ, ಗೊಬ್ಬರದ ದಾಸ್ತಾನು ಇಷ್ಟೆಲ್ಲ ವಿಷಯಗಳಿರುವಾಗ ಸಂಘದ ಕಾರ್ಯದರ್ಶಿ ಮೋಟಾರ್ ಸೈಕಲ್ಲಿನ ಟೈರಿನ ಬಗ್ಗೆ ಬರೆಯಲು ಕುಳಿತಿದ್ದಾನೆಂದರೆ ಕೆಲವರಿಗೆ ನಗು ಬರಬಹುದು. ನಗಲಿ, ಅಡ್ಡಿಯಿಲ್ಲ. ಆದರೆ ನಮ್ಮ ಸದಸ್ಯರಲ್ಲಿ ಎತ್ತಿನ ಗಾಡಿ ಇರುವವರು ಈಗ ಯಾರೂ ಇಲ್ಲ, ಬೈಕೋ ಸ್ಕೂಟರೋ ಇಲ್ಲದ ಮನೆಯೂ ಇಲ್ಲ. ತೋಟಕ್ಕೆ ಹೋಗಲು, ಡೇರಿಗೆ ಹಾಲು ಕೊಡಲು, ಮಕ್ಕಳನ್ನು ಬಸ್ಸಿಗೆ ಬಿಡಲು, ಒಂದು ಚೀಲ ಯೂರಿಯಾ ತರಲು ಎಲ್ಲಕ್ಕೂ ಅದೇ. ಎತ್ತಿನ ಗೊರಸಿಗೆ ಲಾಳ ಸವೆದಿದೆಯೇ ಎಂದು ನಮ್ಮ ಅಜ್ಜಂದಿರು ನೋಡುತ್ತಿದ್ದರು. ನಾವು ಟೈರು ನೋಡುವುದಿಲ್ಲ. ನೋಡಿದರೂ ತಪ್ಪಾಗಿ ನೋಡುತ್ತೇವೆ. ಅದಕ್ಕೆ ಮೊದಲ ಉದಾಹರಣೆ ನಾನೇ.

2023ರ ಅಕ್ಟೋಬರಿನಲ್ಲಿ, ಆಯುಧಪೂಜೆಯ ಮರುದಿನ ನಡೆದದ್ದು. ಪೂಜೆಗೆಂದು ಬೈಕನ್ನು ಚೆನ್ನಾಗಿ ತೊಳೆದು, ಟೈರಿನ ಕೆಸರನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ಪೇಟೆಯಿಂದ ತಂದ ಟೈರ್ ಪಾಲಿಶ್ ಹಚ್ಚಿದ್ದೆ. ಕಾಡಿಗೆಯ ಹಾಗೆ ಕಪ್ಪಗೆ ಮಿಂಚುತ್ತಿತ್ತು. ಕುಂಬಳಕಾಯಿ ಒಡೆದಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟು ಹಾಯಿಸಿಯೂ ಆಯಿತು. ಮರುದಿನ ಮನೆಯವರನ್ನು ಹಿಂದೆ ಕೂರಿಸಿಕೊಂಡು ನೆಂಟರ ಮನೆಗೆ ಹೊರಟೆ. ಹಳ್ಳದ ಬಳಿಯ ಎಡ ತಿರುವು, ಬೆಳಗಿನ ಸೋನೆಮಳೆ, ರಸ್ತೆಯಂಚಿನಿಂದ ಡಾಂಬರಿನ ಮೇಲೆ ಹರಡಿಕೊಂಡಿದ್ದ ಹಸಿ ಅಡಿಕೆ ಸಿಪ್ಪೆ. ವೇಗ ಮೂವತ್ತರ ಮೇಲಿರಲಿಲ್ಲ. ಬೈಕು ವಾಲಿದ್ದಷ್ಟೇ ಗೊತ್ತು, ಹಿಂದಿನ ಚಕ್ರ ನನ್ನನ್ನು ಕೇಳದೆ ಬಲಕ್ಕೆ ಹೋಯಿತು. ನನಗೆ ಮೊಣಕಾಲು ತರಚಿತು, ಅಷ್ಟೇ. ಮನೆಯವರ ಬಲ ಮಣಿಕಟ್ಟು ಮುರಿಯಿತು. ಅಡಿಕೆ ಸುಲಿತದ ಕಾಲದಲ್ಲಿ ಮನೆಯ ಯಜಮಾನಿಯ ಬಲಗೈ ಆರು ವಾರ ಪ್ಲಾಸ್ಟರಿನೊಳಗೆ ಇದ್ದರೆ ಮನೆ ಹೇಗೆ ನಡೆಯುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂದಿಗೂ ಮಳೆಗಾಲದಲ್ಲಿ ಆ ಕೈ ನೋಯುತ್ತದೆ.

ನಾನು ಟೈರಿನ ಕಂಪನಿಯನ್ನು ಬೈದೆ, ರಸ್ತೆಯನ್ನು ಬೈದೆ. ಪಂಕ್ಚರ್ ಅಂಗಡಿಯ ಹುಡುಗ ಟೈರಿನ ಅಂಚಿನ ಮೇಲೆ ಬೆರಳಾಡಿಸಿ, ಬೆರಳನ್ನು ನನ್ನ ಮುಖದ ಮುಂದೆ ಹಿಡಿದು, "ಸೆಕ್ರೆಟ್ರಿಗಳೇ, ಇದು ಟೈರಲ್ಲ, ಜಾರುಬಂಡೆ" ಎಂದ. ನಾನು ಬಿ.ಎಸ್ಸಿ. ಓದಿದವನು. ಘರ್ಷಣೆಯ ಪಾಠ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಅವನೆದುರು ಹೇಳಲು ಮಾತಿರಲಿಲ್ಲ.

ವಿಷಯ ಇಷ್ಟು. ಬೈಕು ನೆಲ ಮುಟ್ಟುವುದು ಒಂದೊಂದು ಚಕ್ರದಲ್ಲಿ ಅಂಗೈಯಗಲದ ಜಾಗದಲ್ಲಿ ಮಾತ್ರ. ನೇರ ಹೋಗುವಾಗ ಟೈರಿನ ನಡುಭಾಗ ನೆಲ ಮುಟ್ಟುತ್ತದೆ. ತಿರುವಿನಲ್ಲಿ ವಾಲಿಸಿದಾಗ ಆ ಅಂಗೈಯಗಲ ಅಂಚಿನ ಕಡೆಗೆ ಸರಿಯುತ್ತದೆ. ಪಾಲಿಶನ್ನು ನಾನು ಪಕ್ಕಕ್ಕೆ ಮಾತ್ರ ಹಚ್ಚಿದ್ದೆ, ನೆಲ ಮುಟ್ಟುವಲ್ಲಿಗೆ ಹಚ್ಚಿರಲಿಲ್ಲ ಎಂದು ವಾದಿಸಿದೆ. ಆದರೆ ಚಕ್ರ ತಿರುಗಿದಾಗ ಪಕ್ಕದ ಜಿಡ್ಡು ಹೊರಕ್ಕೆ ಚಿಮ್ಮಿ ಅಂಚಿಗೇ ಬರುತ್ತದೆ. ನೇರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮೊದಲ ತಿರುವಿನಲ್ಲಿ ಗೊತ್ತಾಗುತ್ತದೆ. ಇಂಥ ಪಾಲಿಶಿನ ಹಲವು ಡಬ್ಬಿಗಳ ಮೇಲೆ ದ್ವಿಚಕ್ರ ವಾಹನಕ್ಕೆ ಬಳಸಬೇಡಿ ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಕ್ರಿಮಿನಾಶಕದ ಡಬ್ಬಿಯ ಮೇಲಿರುವುದನ್ನು ಓದಿ ಎಂದು ಪ್ರತಿ ಮಹಾಸಭೆಯಲ್ಲೂ ಭಾಷಣ ಮಾಡುವ ನಾನು ಈ ಡಬ್ಬಿಯನ್ನು ಓದಿರಲಿಲ್ಲ.

ಸೀಮೆಎಣ್ಣೆ, ಡೀಸೆಲ್, ಪೆಟ್ರೋಲುಗಳ ಕಥೆ ಬೇರೆ. ಅವು ಕೆಸರನ್ನೂ ಗ್ರೀಸನ್ನೂ ಬೇಗ ಬಿಡಿಸುತ್ತವೆ, ನಿಜ. ಆದರೆ ರಬ್ಬರು ಬಿರಿಯದಂತೆ, ಗಡುಸಾಗದಂತೆ ಅದರೊಳಗೆ ಸೇರಿಸಿರುವ ಎಣ್ಣೆ, ಮೇಣಗಳನ್ನೂ ಹೊರಗೆಳೆಯುತ್ತವೆ. ಮೊದಲು ಮೇಲ್ಮೈ ಮೆತ್ತಗಾಗಿ ಜಾರುತ್ತದೆ, ಕ್ರಮೇಣ ಒಣಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಗಡುಸಾದ ರಬ್ಬರು ಒದ್ದೆ ಡಾಂಬರನ್ನು ಹಿಡಿಯುವುದಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಅಪ್ಪನ ಯೆಜ್ಡಿಯನ್ನು ಪೆಟ್ರೋಲ್ ಬಟ್ಟೆಯಿಂದಲೇ ಒರೆಸುತ್ತಿದ್ದೆವು. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ನಮ್ಮ ಅಭ್ಯಾಸ ಮುಚ್ಚಲಿಲ್ಲ.

ಟೈರು ತೊಳೆಯಲು ಬೇಕಾದದ್ದು ನೀರು, ಸ್ವಲ್ಪ ಸೋಪಿನ ಪುಡಿ, ಒಂದು ನಾರಿನ ಬ್ರಷ್ಷು. ಮೊದಲು ಕಡ್ಡಿಯಿಂದ ಸಂದುಗಳಲ್ಲಿ ಕೂತ ಕೆಮ್ಮಣ್ಣು, ಕಲ್ಲು ತೆಗೆಯಿರಿ. ಮಣ್ಣು ತುಂಬಿದ ಹೊಸ ಟೈರೂ ಬೋಳು ಟೈರೂ ಒಂದೇ, ನೀರು ಹೊರಹೋಗಲು ದಾರಿ ಇರುವುದಿಲ್ಲ. ಸೋಪುನೀರಿನಲ್ಲಿ ಉಜ್ಜಿ, ಸೋಪು ಉಳಿಯದಂತೆ ಎರಡು ಸಲ ನೀರು ಹೊಯ್ದು ಒಣಗಲು ಬಿಡಿ. ತಪ್ಪಿ ಪಾಲಿಶೋ ಎಣ್ಣೆಯೋ ತಾಗಿದ್ದರೂ ಇದೇ ಮದ್ದು, ಎರಡು ಮೂರು ಬಾರಿ ಮಾಡಬೇಕು. ಆ ಮೇಲೂ ಹತ್ತಿಪ್ಪತ್ತು ಕಿಲೋಮೀಟರು ತಿರುವಿನಲ್ಲಿ ಬೈಕನ್ನು ಹೆಚ್ಚು ವಾಲಿಸದಿರುವುದು ಒಳ್ಳೆಯದು. ಹೊಸ ಟೈರಿಗೂ ಅಚ್ಚಿನಿಂದ ಬಂದ ನುಣುಪು ಇರುತ್ತದೆ. ಮೊದಲ 150 ಕಿ.ಮೀ. ಮೆಲ್ಲಗೆ ಓಡಿಸಿ ಎನ್ನುವುದು ಅದಕ್ಕೇ.

ಕೊಳೆರೋಗದ ಔಷಧಿ ಹೊಡೆಯುವ ದಿನಗಳಲ್ಲಿ ಇನ್ನೊಂದು ಎಚ್ಚರ. ಮೈಲುತುತ್ತ, ಸುಣ್ಣ, ಅಂಟಿಗೆಂದು ಹಾಕುವ ರಾಳದ ಸೋಪು, ಇವನ್ನು ಕ್ಯಾನಿನಲ್ಲಿ ತುಂಬಿ ಬೈಕಿನ ಹಿಂದೆ ಕಟ್ಟಿ ತರುತ್ತೇವೆ. ಮುಚ್ಚಳ ಸಡಿಲವಾದರೆ ಅದು ತೊಟ್ಟಿಕ್ಕುವುದು ನೇರ ಹಿಂದಿನ ಟೈರಿನ ಮೇಲೆ. ಚೈನಿಗೆ 90 ನಂಬರ್ ಆಯಿಲ್ ಧಾರಾಳವಾಗಿ ಸುರಿಯುವವರಿಗೂ ಇದೇ ಗತಿ, ಚೈನಿನ ಕಡೆಯ ಅಂಚು ಎಣ್ಣೆಯಾಗಿ ಆ ಕಡೆಯ ತಿರುವಿನಲ್ಲಿ ಮಾತ್ರ ಜಾರುತ್ತದೆ. ಎಂಜಿನ್ ನಿಲ್ಲಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಚೈನಿನ ಒಳಬದಿಗೆ ಹನಿ ಹನಿಯಾಗಿ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದರೆ ಸಾಕು.

ತೊಳೆದ ಮೇಲೂ ಜಾರುತ್ತದೆ ಎನ್ನುವವರು ಟೈರಿನ ವಯಸ್ಸು ನೋಡಬೇಕು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು. ಹಲ್ಲು ಇನ್ನೂ ಇದೆಯಲ್ಲ ಎಂದು ಎಂಟು ಹತ್ತು ವರ್ಷದ ಟೈರನ್ನು ಓಡಿಸುವವರು ನಮ್ಮಲ್ಲಿ ಇದ್ದಾರೆ, ತೋಟದೊಳಗಿನ ಓಡಾಟಕ್ಕೆ ಟೈರು ಸವೆಯುವುದೇ ಇಲ್ಲ. ರಬ್ಬರು ಮಾತ್ರ ಕಲ್ಲಾಗಿರುತ್ತದೆ. ಇನ್ನು ಕೆಲವರ ಟೈರು ನಡುವೆ ಚಪ್ಪಟೆ ಸವೆದು, ಅಂಚು ಮೊದಲಿನಂತೆಯೇ ಇರುತ್ತದೆ. ಅಂಥ ಬೈಕು ತಿರುವಿನಲ್ಲಿ ಮೆಲ್ಲಗೆ ವಾಲುವ ಬದಲು ಮೆಟ್ಟಿಲಿಳಿದಂತೆ ಧಡಕ್ಕನೆ ವಾಲುತ್ತದೆ. ಗಾಳಿಯ ಲೆಕ್ಕ ಚೈನ್ ಕವರಿನ ಮೇಲೋ ಪುಸ್ತಕದಲ್ಲೋ ಇರುತ್ತದೆ. ಹದಿನೈದು ದಿನಕ್ಕೊಮ್ಮೆ, ಬೈಕು ಓಡಿಸುವ ಮುಂಚೆ, ಟೈರು ತಣ್ಣಗಿರುವಾಗ ನೋಡಿಸಿ. ಕೆಸರಿನಲ್ಲಿ ಹಿಡಿಯಲೆಂದು ಗಾಳಿ ಇಳಿಸಿದವರು ಡಾಂಬರಿಗೆ ಬಂದಾಗ ಮತ್ತೆ ತುಂಬಿಸಿಕೊಳ್ಳಬೇಕು. ಬಟನ್ ಟೈರಿನವರಿಗೂ ಒಂದು ಮಾತು. ಅದು ತೋಟದ ದಾರಿಗೆ ಬಹಳ ಒಳ್ಳೆಯದು. ಒದ್ದೆ ಡಾಂಬರಿನ ತಿರುವಿನಲ್ಲಿ ನೆಲ ಮುಟ್ಟುವ ರಬ್ಬರೇ ಕಡಿಮೆ.

ಓಡಿಸುವ ರೀತಿಯ ಬಗ್ಗೆ ಹೆಚ್ಚು ಹೇಳಲಾರೆ, ಬಿದ್ದವನ ಉಪದೇಶ ಯಾರಿಗೆ ಬೇಕು. ಟೈರಿನ ಹಿಡಿತ ಒಂದು ಗಂಟು ಹಣವಿದ್ದಂತೆ. ಬ್ರೇಕಿಗೆ ಖರ್ಚು ಮಾಡಿದಷ್ಟು ತಿರುವಿಗೆ ಉಳಿಯುವುದಿಲ್ಲ. ಆದ್ದರಿಂದ ತಿರುವಿಗೆ ಮುಂಚೆ, ಬೈಕು ನೆಟ್ಟಗಿರುವಾಗಲೇ ವೇಗ ಇಳಿಸಬೇಕು. ನಮ್ಮ ಹುಡುಗರು ಎಬಿಎಸ್ ಇದೆಯಲ್ಲ ಎನ್ನುತ್ತಾರೆ. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಅದು ಕಡ್ಡಾಯವಾಗಿದೆ, ಒಳ್ಳೆಯದೇ. ಅದು ಚಕ್ರ ಕಚ್ಚಿಕೊಳ್ಳದಂತೆ ತಡೆಯುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವುಗಳನ್ನು ಇಳಿಯುವವರು ಇದನ್ನು ನೆನಪಿಡಲಿ. ಹೂಮಳೆಯ ದಿನವಂತೂ ಇನ್ನೂ ಜೋಪಾನ. ಕಾಫಿಯವರಿಗೆ ಆ ಮಳೆ ಬಿದ್ದರೆ ಹಬ್ಬ, ಗಿಡ ನೋಡಲು ಬೈಕೇರಿ ಓಡುತ್ತೇವೆ. ಆದರೆ ತಿಂಗಳುಗಟ್ಟಲೆ ರಸ್ತೆಗೆ ಸುರಿದ ಎಣ್ಣೆ, ಧೂಳು ಎದ್ದು ತೇಲುವುದು ಆ ಮೊದಲ ಅರ್ಧ ಗಂಟೆಯಲ್ಲೇ. ಮಳೆ ಜೋರಾಗಿ ಹೊಡೆದು ತೊಳೆದ ಮೇಲೆ ಹೋದರೆ ಹೂವೇನೂ ಓಡಿಹೋಗುವುದಿಲ್ಲ.

ಈಗ ಸಿಪ್ಪೆಯ ವಿಚಾರಕ್ಕೆ ಬರುತ್ತೇನೆ. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆಸ್ಪತ್ರೆಯಿಂದ ಬಂದ ಮೇಲೆ ಆ ತಿರುವಿನ ಸಿಪ್ಪೆ ಯಾರದೆಂದು ವಿಚಾರಿಸಿದೆ. ಯಾವನೋ ಚೇಣಿದಾರನದಿರಬೇಕು, ಸಂಘದಿಂದ ನೋಟೀಸು ಕೊಡಿಸಬೇಕು ಎಂಬ ಸಿಟ್ಟಿತ್ತು. ತಿಳಿದದ್ದು ಬೇರೆ. ಆ ವಾರ ನಮ್ಮ ಅಂಗಳದಲ್ಲಿ ಸುಲಿದ ಅಡಿಕೆಯ ಸಿಪ್ಪೆಯನ್ನು ಸಾಗಿಸಲು ನಾನೇ ಒಂದು ಪಿಕಪ್ ಗೊತ್ತು ಮಾಡಿದ್ದೆ. ಎಲ್ಲಿ ಹಾಕುತ್ತೀಯೆಂದು ಕೇಳಿರಲಿಲ್ಲ. ಅವನು ಕತ್ತಲಾದ ಮೇಲೆ ಹಳ್ಳದ ತಿರುವಿನಲ್ಲಿ ಸುರಿದು ಹೋಗಿದ್ದ. ಇದನ್ನು ಹೇಳಿದಾಗ ಮನೆಯವರು ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಹಾಗಾದ್ರೆ ನೋಟೀಸು ಯಾರ ಹೆಸರಿಗೆ ಕಳಿಸ್ತೀರಿ?" ಎಂದು ಕೇಳಿದರು.

ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಯಂತ್ರ ಬಂದ ಮೇಲೆ ಒಂದೊಂದು ಮನೆಯಲ್ಲೂ ರಾಶಿ ಬೀಳುತ್ತದೆ. ನಾರು ಬೇಗ ಕೊಳೆಯುವುದಿಲ್ಲ, ಆದ್ದರಿಂದ ರಸ್ತೆಯಂಚು ಎಲ್ಲರಿಗೂ ಸುಲಭ ದಾರಿ. ಮಳೆ ಬಂದಾಗ ಅದು ಹರಿದು ಡಾಂಬರಿಗೆ ಬರುತ್ತದೆ, ಬಿಸಿಲಿಗೆ ಒಣಗಿದಾಗ ಯಾರೋ ಬೆಂಕಿ ಹಾಕುತ್ತಾರೆ, ಹೊಗೆಯಲ್ಲಿ ಎದುರಿನ ವಾಹನ ಕಾಣುವುದಿಲ್ಲ. ಅದೇ ಸಿಪ್ಪೆಯನ್ನು ಸಗಣಿ, ಹಸಿರು ಸೊಪ್ಪಿನೊಂದಿಗೆ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ತೇವ ಉಳಿಸಿಕೊಂಡರೆ ಗೊಬ್ಬರವಾಗುತ್ತದೆ. ತಿಂಗಳುಗಳು ಬೇಕು, ಜಾಗ ಬೇಕು, ಆಳು ಬೇಕು, ಎಲ್ಲವೂ ಕಷ್ಟವೇ ಎಂದು ನನಗೂ ಗೊತ್ತು. ಆದರೂ ಟೈರು ಎಷ್ಟೇ ಚೊಕ್ಕಟವಾಗಿರಲಿ, ತಿರುವಿನಲ್ಲಿ ಹಸಿ ಸಿಪ್ಪೆಯ ಮೇಲೆ ಅದು ನಿಲ್ಲುವುದಿಲ್ಲ. ಬೀಳುವವರು ಪರಊರಿನವರಲ್ಲ, ಹಾಲಿನ ಕ್ಯಾನು ಹಿಡಿದು ಬರುವ ನಮ್ಮದೇ ಹುಡುಗರು.

ಆದ್ದರಿಂದ ಮುಂದಿನ ಮಹಾಸಭೆಯ ಮುಂದೆ ಒಂದು ಸೂಚನೆ ಇಡುತ್ತಿದ್ದೇನೆ: ಸಿಪ್ಪೆಯನ್ನು ರಸ್ತೆಗೆ ಹಾಕುವ ಸದಸ್ಯರಿಗೆ ಸಂಘದ ಸುಲಿಯುವ ಯಂತ್ರವನ್ನು ಆ ಹಂಗಾಮಿನಲ್ಲಿ ಬಾಡಿಗೆಗೆ ಕೊಡಬಾರದು. ನಿರ್ದೇಶಕರಲ್ಲಿ ಕೆಲವರು ಇದು ಅತಿಯಾಯಿತು, ಬಾಡಿಗೆಯ ವರಮಾನಕ್ಕೆ ಪೆಟ್ಟು ಎಂದು ಈಗಾಗಲೇ ಹೇಳಿದ್ದಾರೆ. ವರಮಾನ ಕಡಿಮೆಯಾಗುವುದು ನಿಜ. ಸಭೆಗೆ ಬಂದು ವಿರೋಧಿಸುವವರು ವಿರೋಧಿಸಲಿ, ಬಾರದೆ ಜಗಲಿಯಲ್ಲಿ ಕುಳಿತು ಗೊಣಗುವುದು ಬೇಡ. ನಿಯಮ ಮೊದಲು ನನಗೇ ಅನ್ವಯಿಸಲಿ.

ಸಂಘದ ತೂಕದ ಯಂತ್ರದ ಪಕ್ಕದ ನಲ್ಲಿಯಲ್ಲಿ ಟೈರು ತೊಳೆದುಕೊಂಡು ರಸ್ತೆಗಿಳಿಯಲು ಏರ್ಪಾಡು ಮಾಡಿದೆ. ಬ್ರಷ್ಷನ್ನು ಸರಪಳಿ ಹಾಕಿ ಕಟ್ಟಲಾಗಿದೆ. ಹಿಂದಿನದು ಎಂಟೇ ದಿನದಲ್ಲಿ ಕಾಣೆಯಾಯಿತು. ತೆಗೆದುಕೊಂಡು ಹೋದವರು ಅದರಲ್ಲಿ ಟೈರನ್ನೇ ಉಜ್ಜುತ್ತಿದ್ದರೆ ವಾಪಸು ಕೊಡಬೇಕಾಗಿಲ್ಲ.

– ಕಾರ್ಯದರ್ಶಿ