ದನವೂ ಧನವೂ ಒಂದಾದ ಹಾಳೆ



ಕಳೆದ ಮಳೆಗಾಲದಲ್ಲಿ ಕುಂದಾಪುರದ ಅಕ್ಕನ ಮನೆಗೆ ಹೋಗಿದ್ದಾಗ ಅಲ್ಲೊಂದು ಚಿಂತೆ ಮನೆಮಾಡಿತ್ತು. ಅಕ್ಕನ ಅತ್ತೆಯವರಿಗೆ ಎಂಬತ್ತನಾಲ್ಕು ವರ್ಷ. ಪುಸ್ತಕದ ಸಣ್ಣಕ್ಷರ ಅವರಿಗೆ ಕಾಣದು. ಆದುದರಿಂದ ಮೊಮ್ಮಗನು ಅವರು ನಿತ್ಯ ಓದುವ ವಚನಗಳನ್ನು 16 ಪಾಯಿಂಟಿನ ಅಕ್ಷರಗಳಲ್ಲಿ ಬೆರಳಚ್ಚು ಮಾಡಿ, ಬೆಂಗಳೂರಿಗೆ ಉದ್ಯೋಗಕ್ಕೆ ಹೊರಡುವ ಮುನ್ನ ಮನೆಯ ಹಳೆಯ ಗಣಕಯಂತ್ರದಲ್ಲಿ ಇಟ್ಟುಹೋಗಿದ್ದನು. ಭಾವನವರು ಆಗೊಮ್ಮೆ ಈಗೊಮ್ಮೆ ನಾಲ್ಕು ಹಾಳೆಗಳನ್ನು ಇಂಕ್‌ಜೆಟ್ ಪ್ರಿಂಟರಿನಲ್ಲಿ ಅಚ್ಚು ತೆಗೆದು ತಾಯಿಗೆ ಕೊಡುತ್ತಿದ್ದರು. ಆಷಾಢದ ಹೊತ್ತಿಗೆ ಅಜ್ಜಿ ‘ಧನ’ ಎಂದಿರುವಲ್ಲಿ ‘ದನ’ ಎಂದು ಓದತೊಡಗಿದರು. ಮೊದಮೊದಲು ಮನೆಮಂದಿ ನಕ್ಕರು. ಕೆಲವು ದಿನಗಳಲ್ಲಿ ಅಜ್ಜಿ ಹಾಳೆಗಳನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟು, ತಮ್ಮ ಕಣ್ಣು ಪೂರ್ತಿ ಹೋಯಿತೆಂದು ಓದುವುದನ್ನೇ ಬಿಟ್ಟುಬಿಟ್ಟರು.

ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವುದೆಂದೂ, ಗಣಕಯಂತ್ರವನ್ನು ಮಾರಿ ಹೊಸದನ್ನು ತರುವುದೆಂದೂ ಭಾವನವರು ನಿಶ್ಚಯಿಸಿದ್ದರು. ವೈದ್ಯರ ವಿಷಯಕ್ಕೆ ನಾನು ಬೇಡವೆನ್ನಲಿಲ್ಲ. ಆದರೆ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಧಕಾರದ ಹೊಟ್ಟೆಯ ಸೀಳು ನನಗೂ ಕಾಣಲಿಲ್ಲ!

ಕನ್ನಡ ಲಿಪಿಯ ಕಷ್ಟವೇ ಇದು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವಣ ಭೇದವೆಲ್ಲ ಕೆಳಗಿನ ಒಂದು ಪುಟ್ಟ ಗೆರೆಯಲ್ಲಿದೆ. ಒತ್ತಕ್ಷರಗಳಂತೂ ಇನ್ನೂ ಸಣ್ಣವು. ಶಾಯಿ ಕೂದಲೆಳೆಯಷ್ಟು ಹರಡಿದರೂ ಗೆರೆ ಮುಚ್ಚಿಹೋಗುತ್ತದೆ. ಹಾಗೆಂದು ಇದಕ್ಕೆ ಯಂತ್ರದ ಶಕ್ತಿ ಸಾಲದೆಂದು ತಿಳಿಯಬಾರದು. ಸಾಮಾನ್ಯ ಪ್ರಿಂಟರೂ ಅಂಗುಲಕ್ಕೆ 600 ಚುಕ್ಕೆಗಳನ್ನು ಇಡಬಲ್ಲುದು. ಅರ್ಧ ಮಿಲಿಮೀಟರಿನ ಗೆರೆಯೊಂದಕ್ಕೆ ಹನ್ನೆರಡರಷ್ಟು ಚುಕ್ಕೆಗಳು ದೊರೆಯುತ್ತವೆ. 1843ರಲ್ಲಿಯೇ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಮುದ್ರಿಸಿದ ಕರಾವಳಿ ನಮ್ಮದು. ಹತ್ತು ಹದಿನೈದು ವರ್ಷದ ಗಣಕಯಂತ್ರಕ್ಕೆ ಅದೇ ಅಕ್ಷರಗಳು ಅಸಾಧ್ಯವೇ?

ದೋಷದ ದೊಡ್ಡ ಪಾಲು ಕಾಗದದಲ್ಲಿತ್ತು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಈ ಸೀಮೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಹಪ್ಪಳ ಮೆತ್ತಗಾಗುವ ಗಾಳಿಯಲ್ಲಿ ಕಾಗದ ಗರಿಗರಿಯಾಗಿ ಉಳಿದೀತೆ? ಭಾವನವರು ಮೇ ತಿಂಗಳಲ್ಲಿ ಬಿಚ್ಚಿದ ಕಟ್ಟನ್ನು ಪ್ರಿಂಟರಿನ ತಟ್ಟೆಯಲ್ಲಿಯೇ ಬಿಟ್ಟಿದ್ದರು. ಇಂಕ್‌ಜೆಟ್ಟಿನ ಶಾಯಿಯಲ್ಲಿ ನೀರೇ ಹೆಚ್ಚು. ತೇವವಾದ ಕಾಗದದ ಎಳೆಗಳುದ್ದಕ್ಕೂ ಅದು ಬತ್ತಿಯಲ್ಲಿ ಎಣ್ಣೆ ಏರುವಂತೆ ಹರಿಯುತ್ತದೆ. ಕಾಗದದ ಕಟ್ಟಿಗೆ ಸುತ್ತಿರುವ ಹೊದಿಕೆಯನ್ನು ನಾವು ಹರಿದು ಎಸೆಯುತ್ತೇವೆ. ಒಳಪದರವಿರುವ ಆ ಹೊದಿಕೆ ತೇವವನ್ನು ತಡೆಯಲೆಂದೇ ಇರುವುದು. ಬೇಕಾದಷ್ಟೇ ಹಾಳೆ ತೆಗೆದುಕೊಂಡು, ಉಳಿದುದನ್ನು ಅದರಲ್ಲಿಯೇ ಸುತ್ತಿ, ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟರೆ ಸಾಕು. ಮರುದಿನ ಬ್ರಹ್ಮಾವರದಿಂದ ತೆರೆಯದ ಕಟ್ಟೊಂದನ್ನು ತರಿಸಿದೆವು. 75 ಜಿ.ಎಸ್.ಎಂ. ಬದಲು 100 ಜಿ.ಎಸ್.ಎಂ. ಕಾಗದ, ಬೆಲೆ ತುಸು ಹೆಚ್ಚು, ಆದರೆ ಅಜ್ಜಿಯ ನಡುಗುವ ಕೈಯಲ್ಲಿಯೂ ನೆಟ್ಟಗೆ ನಿಲ್ಲುತ್ತದೆ.

ಎರಡನೆಯ ದೋಷ ನನಗೆ ತಡವಾಗಿ ಹೊಳೆಯಿತು. ಹಿಂದೊಮ್ಮೆ ಭಾವಚಿತ್ರ ಅಚ್ಚು ಹಾಕಿದಾಗ ಕಾಗದದ ಬಗೆಯನ್ನು ‘ಫೋಟೋ ಪೇಪರ್’ ಎಂದು ಆರಿಸಿದ್ದು ಹಾಗೆಯೇ ಉಳಿದುಬಿಟ್ಟಿತ್ತು. ಅನೇಕ ಪ್ರಿಂಟರುಗಳಲ್ಲಿ ಹೀಗೆ ಆರಿಸಿದರೆ ಅಕ್ಷರಕ್ಕೆಂದೇ ಇರುವ ದಟ್ಟ ಕಪ್ಪುಶಾಯಿ ಇಳಿಯುವುದಿಲ್ಲ. ಬಣ್ಣದ ಶಾಯಿಗಳನ್ನು ಬೆರೆಸಿ ಕಪ್ಪು ಮಾಡಲಾಗುತ್ತದೆ. ಆ ಕಪ್ಪು ಮಾಸಲು, ಹರಡುವುದೂ ಹೆಚ್ಚು. ‘ಪ್ಲೇನ್ ಪೇಪರ್’ ಎಂದೂ ‘ಕಪ್ಪು ಶಾಯಿ ಮಾತ್ರ’ ಎಂದೂ ಆರಿಸಿದೆವು. ಗುಣಮಟ್ಟಕ್ಕೆ ‘ಬೆಸ್ಟ್’ ಬೇಡ, ‘ನಾರ್ಮಲ್’ ಇರಲಿ ಎಂದೆ. ಭಾವನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಬೆಸ್ಟ್ ಎಂದರೆ ಶಾಯಿ ಹೆಚ್ಚು ಬೀಳುತ್ತದೆ, ಸಾದಾ ಕಾಗದ ಅದನ್ನು ತಾಳದು ಎಂದು ಎರಡೂ ಬಗೆಯಲ್ಲಿ ತೆಗೆದು ತೋರಿಸಬೇಕಾಯಿತು.

ಇನ್ನೊಂದು ಮಾತು ಮಳೆಗಾಲದ ಕರೆಂಟಿನದು. ಪ್ರಿಂಟರನ್ನು ಅದರ ಗುಂಡಿಯಿಂದಲೇ ಆರಿಸಿದರೆ ಶಾಯಿ ಚಿಮ್ಮುವ ತಲೆಭಾಗ ತನ್ನ ಮೂಲೆಗೆ ಸರಿದು ಮುಚ್ಚಳದಡಿ ಕೂರುತ್ತದೆ. ಅಚ್ಚಾಗುತ್ತಿರುವಾಗ ಕರೆಂಟು ಹೋದರೆ, ಅಥವಾ ನಾವು ಗೋಡೆಯ ಸ್ವಿಚ್ಚನ್ನೇ ಒತ್ತಿದರೆ, ಅದು ನಡುದಾರಿಯಲ್ಲಿ ಬಾಯಿ ತೆರೆದು ನಿಂತುಬಿಡುತ್ತದೆ. ಶಾಯಿ ಒಣಗಿ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಗಾಳಿ ಎಷ್ಟೇ ತೇವವಿದ್ದರೂ ಇದು ತಪ್ಪದು. ಕರೆಂಟು ಬಂದೊಡನೆ ಪ್ರಿಂಟರನ್ನು ಒಮ್ಮೆ ಹಚ್ಚಿ, ಗುಂಡಿಯಿಂದಲೇ ಆರಿಸಬೇಕು. ಪರೀಕ್ಷೆಯ ಹಾಳೆಯಲ್ಲಿ ಗೆರೆಗಳು ತುಂಡಾಗಿ ಕಂಡರೆ ‘ಹೆಡ್ ಕ್ಲೀನಿಂಗ್’ ಮಾಡಿಸಬೇಕು. ಎರಡು ಸಲಕ್ಕೂ ಸರಿಹೋಗದಿದ್ದರೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡುವುದು ಲೇಸು. ಪ್ರತಿ ಸಲವೂ ದುಬಾರಿ ಶಾಯಿ ಚರಂಡಿಗೆ ಸುರಿದಂತೆಯೇ. ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಹಾಳೆಯೊಂದನ್ನು ತೆಗೆಯುತ್ತಿದ್ದರೆ ಈ ಗೋಳು ಬಹುಮಟ್ಟಿಗೆ ತಪ್ಪುತ್ತದೆ. ನಿಂತ ಗೆರೆಗಳು ಜೋಡಿಯಾಗಿ ಕಂಡರೆ ಮಾತ್ರ ‘ಅಲೈನ್‌ಮೆಂಟ್’ ಮಾಡಿಸಬೇಕು. ನಮ್ಮ ಧಕಾರದ ಸೀಳೂ ನಿಂತ ಗೆರೆಯೇ ಅಲ್ಲವೇ!

ಹಳೆಯ ಗಣಕಯಂತ್ರ ತೊಂದರೆ ಕೊಡುವುದು ಭಾವಚಿತ್ರಗಳಲ್ಲಿ. ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ ಬಿಚ್ಚಿಕೊಂಡಾಗ 36 ಮೆಗಾಬೈಟ್ ಆಗುತ್ತದೆ. ನಾಲ್ಕು ಅಂಗುಲಕ್ಕೆ ಆರು ಅಂಗುಲದ ಚಿತ್ರಕ್ಕೆ 1200ಕ್ಕೆ 1800 ಪಿಕ್ಸೆಲ್ ಸಾಕು. ಅಷ್ಟಕ್ಕೆ ಇಳಿಸಿಕೊಂಡರೆ ಯಂತ್ರ ನಡುವೆ ಏದುಸಿರು ಬಿಡುವುದಿಲ್ಲ. ವಿಂಡೋಸ್ 7ಕ್ಕೆ ತಯಾರಕರ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿರುವುದರಿಂದ ಅಂಥ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸದೆ ಅಚ್ಚಿನ ಕೆಲಸಕ್ಕಷ್ಟೇ ಇಟ್ಟುಕೊಳ್ಳಬಹುದು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಬರಹವನ್ನು ಬೇರೆ ಯಂತ್ರಕ್ಕೆ ಒಯ್ಯುವುದಾದರೆ ಮೊದಲು ಪಿ.ಡಿ.ಎಫ್. ಮಾಡಿಕೊಳ್ಳಿರಿ, ಇಲ್ಲವಾದರೆ ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಂಡೀತು.

ಹೊಸ ಹಾಳೆಗಳನ್ನು ಅಜ್ಜಿಯ ಮುಂದಿಟ್ಟಾಗ ಸಂಜೆಯಾಗಿತ್ತು. ಮೊದಲು ಕೈಗೆ ತೆಗೆದುಕೊಳ್ಳಲೇ ಇಲ್ಲ. ದೀಪ ಹತ್ತಿಸಿದ ಬಳಿಕ ಕನ್ನಡಕ ಒರೆಸಿಕೊಂಡು ಮೆಲ್ಲನೆ ಓದತೊಡಗಿದರು. ‘ಧನ’ ಬಂದಲ್ಲಿ ಧನವೆಂದೇ ಓದಿದರು. ಮೂರನೆಯ ಹಾಳೆಗೆ ಬಂದು ನಿಂತು, ಮೊಮ್ಮಗ ಒಂದು ಒತ್ತು ಬಿಟ್ಟಿದ್ದಾನೆ, ಬೆಂಗಳೂರಿಗೆ ಫೋನು ಹಚ್ಚಿರಿ ಎಂದರು.