ಯಾರ ಕೈಗೆ ಚೆಂಡು?

ಬಲದಲ್ಲಿ ಕಿರಿದಾದ ತಂಡವು ಬಲಾಢ್ಯರ ಎದುರು ಗೆಲ್ಲುವುದು ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಪೀಡ್‌ಮಾಂಟ್ ಎಂಬ ಸಣ್ಣ ಪ್ರೌಢಶಾಲೆ 2007ರಲ್ಲಿ ಇದಕ್ಕೊಂದು ಉತ್ತರ ಕಂಡುಕೊಂಡಿತು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವರು, ಮುಂದಕ್ಕೆ ಎಸೆಯುವರು. ಆದರೆ ಆ ಎಸೆತವನ್ನು ಹಿಡಿಯುವ ಅಧಿಕಾರ ಹನ್ನೊಂದು ಮಂದಿಗೂ ಇಲ್ಲ. 50ರಿಂದ 79ರವರೆಗಿನ ಅಂಕಿ ತೊಟ್ಟವರು ಎದುರಾಳಿಯನ್ನು ತಡೆಯಬೇಕಷ್ಟೆ. ಚೆಂಡನ್ನು ಒದೆಯುವ ವ್ಯೂಹಕ್ಕೆ ಮಾತ್ರ ಶಾಲಾ ನಿಯಮಾವಳಿಯು ಅಂಕಿಯ ಕಟ್ಟಳೆಯನ್ನು ಸಡಿಲಿಸಿತ್ತು. ತರಬೇತುದಾರರಾದ ಕರ್ಟ್ ಬ್ರಯಾನ್ ಮತ್ತು ಸ್ಟೀವ್ ಹಂಫ್ರೀಸ್ ಈ ವಿನಾಯಿತಿಯನ್ನು ಗುರುತಿಸಿದರು. ಸಾಮಾನ್ಯ ಆಟದಲ್ಲಿಯೂ ಅದೇ ವ್ಯೂಹವನ್ನು ರಚಿಸಿ, ಹನ್ನೊಂದು ಮಂದಿಗೂ ಹಿಡಿಯಬಲ್ಲವರ ಅಂಕಿಗಳನ್ನೇ ತೊಡಿಸಿದರು. ಪ್ರತಿ ಸಲವೂ ಹಿಡಿಯಬಲ್ಲವರು ಕೆಲವರೇ; ಆದರೆ ಅವರು ಯಾರೆಂಬುದು ಕೊನೆಯ ಕ್ಷಣದವರೆಗೂ ಎದುರಾಳಿಗೆ ತಿಳಿಯದು. ಇದಕ್ಕೆ ‘ಎ-11’ ಎಂದು ಹೆಸರಾಯಿತು.

ಕಬಡ್ಡಿ ಬಲ್ಲ ನಮ್ಮ ಮಡತ್ತುಕುಳಂ ಮಕ್ಕಳಿಗೆ ಈ ತತ್ತ್ವ ಅಪರಿಚಿತವಲ್ಲ. ಒಬ್ಬನೇ ಪ್ರಖ್ಯಾತ ದಾಳಿಗಾರನನ್ನು ನೆಚ್ಚಿದ ತಂಡವನ್ನು ಕಟ್ಟಿಹಾಕುವುದು ಸುಲಭ; ಅವನೊಬ್ಬನನ್ನು ಹಿಡಿದರೆ ಸಾಕು. ಕರ್ನಾಟಕದ ಬಿ.ಸಿ. ರಮೇಶ್ ತರಬೇತಿ ನೀಡಿದ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಸೋಲಿಸಿ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಿತು. ಆ ತಂಡದಲ್ಲಿ ದಾಳಿಯ ಹೊರೆಯನ್ನು ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಮೊದಲಾದವರು ಹಂಚಿಕೊಂಡಿದ್ದರು. ಹಿಡಿತದಲ್ಲಿ ಇರಾನಿನ ಶಾದ್ಲೂಯಿ ಆ ಋತುವಿನ ಅಗ್ರಗಣ್ಯನಾದನು. ಅಂಕ ಯಾರಿಂದ ಬರುವುದೆಂದು ಎದುರಾಳಿ ಊಹಿಸುವುದು ಕಷ್ಟವಾಗಿತ್ತು.

ನಿಯಮದ ಸಂದಿನಲ್ಲಿ ನುಸುಳುವುದು ಮೋಸವಲ್ಲವೇ ಎಂದು ಪೋಷಕರು ಕೇಳಬಹುದು. ಮೋಸಗಾರನು ನಿಯಮವನ್ನು ಮರೆಯಲ್ಲಿ ಮುರಿಯುತ್ತಾನೆ. ಪೀಡ್‌ಮಾಂಟ್‌ನವರಾದರೋ ತಮ್ಮ ಯೋಜನೆಯನ್ನು ಮೊದಲೇ ಕ್ರೀಡಾ ಮಂಡಳಿಯ ಮುಂದಿಟ್ಟು, ಅದು ನಿಯಮಬದ್ಧವೆಂಬ ಉತ್ತರ ಪಡೆದೇ ಕಣಕ್ಕಿಳಿದರು. ವಿನಾಯಿತಿಯ ಉದ್ದೇಶ ಇದಲ್ಲವೆಂದು ಹಲವರು ಆಕ್ಷೇಪಿಸಿದರು. 2009ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಶಾಲಾ ಒಕ್ಕೂಟವು ನಿಯಮವನ್ನು ತಿದ್ದಿ ಆ ದಾರಿಯನ್ನು ಮುಚ್ಚಿತು. ಕಾನೂನಿನ ನಡೆಯೂ ಇದೇ: ಅಕ್ಷರ ಅನುಮತಿಸಿದ್ದನ್ನು ಬಳಸುವ ಹಕ್ಕು ಪ್ರಜೆಗುಂಟು, ಅಕ್ಷರವನ್ನು ತಿದ್ದುವ ಅಧಿಕಾರ ನಿಯಮ ರಚಿಸುವವರಿಗುಂಟು.

ಸಂಖ್ಯೆಯಲ್ಲಿ ಕಿರಿಯರಾದವರು ನಿಯಮವನ್ನು ಇತರರಿಗಿಂತ ಚೆನ್ನಾಗಿ ಓದಿರಬೇಕು. ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿಯಲ್ಲಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ. ಓದದವನಿಗೆ ಇವೆರಡೂ ಇದ್ದೂ ಇಲ್ಲದಂತೆ. ಕಬಡ್ಡಿ ಅಂಕಣಕ್ಕೆ ಇಳಿಯುವ ಮಗುವಿಗೂ ಹೊಸ ಬೂಟಿಗಿಂತ ಮೊದಲು ನಿಯಮಾವಳಿಯ ಪುಸ್ತಕವನ್ನು ಕೊಡಿಸಿರಿ. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿರಿ.