ಕನ್ನಡಿಯ ಬಿಂಬವೂ ಸ್ವತಂತ್ರ ಪ್ರತಿಯೂ

ಹಸ್ತಪ್ರತಿಗಳ ಡಿಜಿಟಲೀಕರಣವು ಇಂದು ಕನ್ನಡ ಸಂಶೋಧನೆಯ ಅವಿಭಾಜ್ಯ ಅಂಗವಾಗಿದೆ. ಓಲೆಗರಿಗಳ ಚಿತ್ರಗಳಿರುವ ಕಂಪ್ಯೂಟರಿನಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳನ್ನಿರಿಸಿ, ಒಂದರಲ್ಲಿ ದಾಖಲಾದುದು ಇನ್ನೊಂದರಲ್ಲಿಯೂ ತಾನಾಗಿಯೇ ದಾಖಲಾಗುವಂತೆ ಮಾಡಿದರೆ ಸಾಮಗ್ರಿಯು ಸುರಕ್ಷಿತವಾಯಿತೆಂದು ಭಾವಿಸುವುದು ಸಹಜ. ಈ ಭಾವನೆಯು ಮರುಪರಿಶೀಲನೆಗೆ ಅರ್ಹವಾದುದು.

‘ರೇಡ್’ ಎಂದು ಕರೆಯಲಾಗುವ ಈ ವ್ಯವಸ್ಥೆಗೆ ಶಾಸ್ತ್ರೀಯ ನೆಲೆಯನ್ನು ಒದಗಿಸಿದ್ದು, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಹಾಗೂ ರ‍್ಯಾಂಡಿ ಕಾಟ್ಜ್ ಅವರು 1988ರಲ್ಲಿ ಪ್ರಕಟಿಸಿದ ಪ್ರಬಂಧ. ಇದರ ಒಂದನೆಯ ಮಟ್ಟದಲ್ಲಿ ಎರಡು ಡಿಸ್ಕ್‌ಗಳು ಪರಸ್ಪರ ಕನ್ನಡಿಯಂತೆ ವರ್ತಿಸುತ್ತವೆ. ಕನಿಷ್ಠ 3 ಡಿಸ್ಕ್‌ಗಳನ್ನು ಬೇಡುವ ಐದನೆಯ ಮಟ್ಟದಲ್ಲಿ, ಕೆಟ್ಟುಹೋದ ಒಂದರ ಮಾಹಿತಿಯನ್ನು ಉಳಿದವುಗಳಿಂದ ಗಣಿಸಿ ಮರಳಿ ಪಡೆಯಬಹುದು. ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಕಾಯುವುದು ಇದರ ಉದ್ದೇಶ. ಅಷ್ಟರಮಟ್ಟಿಗೆ ಇದು ಸಮರ್ಥವೂ ಹೌದು.

ಆದರೆ ಕನ್ನಡಿಗೆ ವಿವೇಚನೆಯಿಲ್ಲ. ಕೈತಪ್ಪಿನಿಂದ ಕಡತವೊಂದು ಅಳಿದರೆ ಅದು ಎರಡೂ ಕಡೆ ಅದೇ ಕ್ಷಣದಲ್ಲಿ ಅಳಿಯುತ್ತದೆ. ವೈರಸ್ ತಗುಲಿದರೂ ಹಾಗೆಯೇ. ಬೆಂಕಿ, ಕಳವು, ಸಿಡಿಲುಗಳಿಗೆ ಒಂದೇ ಪೆಟ್ಟಿಗೆಯೊಳಗಿನ ಎರಡು ಡಿಸ್ಕ್‌ಗಳು ಎರಡಲ್ಲ, ಒಂದೇ. ಆದ್ದರಿಂದ ರೇಡ್ ಯಂತ್ರದ ಬಾಳಿಕೆಯ ಉಪಾಯವೇ ಹೊರತು ಪ್ರತಿಯ ಸ್ಥಾನವನ್ನು ತುಂಬಲಾರದು.

ಪ್ರತಿಯ ಮಹತ್ತ್ವವು ಕನ್ನಡ ಪರಂಪರೆಗೆ ಹೊಸದಲ್ಲ. ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅಲ್ಲಿ ಸಾವಿರ ಎಂಬ ಸಂಖ್ಯೆಗಿಂತ ಹಂಚಿಕೆಯೇ ಮುಖ್ಯ. ಒಂದು ಪ್ರತಿಯ ಸ್ಖಾಲಿತ್ಯವನ್ನು ಬೇರೆಡೆ ಉಳಿದ ಇನ್ನೊಂದು ಪ್ರತಿಯು ತೋರಿಸಿಕೊಡುತ್ತದೆ ಎಂಬುದನ್ನು ಗ್ರಂಥಸಂಪಾದಕರಿಗೆ ವಿವರಿಸಬೇಕಾಗಿಲ್ಲ. ಕನ್ನಡಿಯ ಬಿಂಬಕ್ಕೆ ಆ ಸ್ವಾತಂತ್ರ್ಯವಿಲ್ಲ.

ಹೀಗಾಗಿ ಡಿಜಿಟಲೀಕರಣವನ್ನು ಕೈಗೊಳ್ಳುವ ವಿಭಾಗಗಳು ಕನಿಷ್ಠ 3 ಪ್ರತಿಗಳನ್ನು, 2 ಬಗೆಯ ಮಾಧ್ಯಮಗಳಲ್ಲಿ ಇರಿಸಿ, ಅವುಗಳಲ್ಲಿ ಒಂದನ್ನಾದರೂ ಬೇರೊಂದು ಊರಿನಲ್ಲಿ ಕಾಪಾಡುವುದು ಅಗತ್ಯ. ವರ್ಷಕ್ಕೊಮ್ಮೆ ಅವನ್ನು ತೆರೆದು ಮೂಲದೊಡನೆ ಹೋಲಿಸಿ ನೋಡುವ ಹೊಣೆಯನ್ನು ನಿರ್ದಿಷ್ಟ ವ್ಯಕ್ತಿಗೆ ವಹಿಸಬೇಕು. ಅದರ ವೆಚ್ಚವು ಯೋಜನೆಯ ಆಯವ್ಯಯದಲ್ಲಿಯೇ ಸೇರಿರಬೇಕು. ಓಲೆಯು ಸವೆದು ಇಲ್ಲವಾದ ದಿನ ಅದರ ಚಿತ್ರವೇ ಮೂಲವಾಗುತ್ತದೆ. ಆ ಚಿತ್ರವೂ ಅಳಿದರೆ ಸಂಪಾದಕನು ಮರಳಿ ಹೋಗಬಹುದಾದ ಆಕರವೇ ಉಳಿಯುವುದಿಲ್ಲ.